ಮೂರು ಸಲ ತೊಟ್ಟಿಲೇರಿದ ಕೂಸು

ಒಂದು ಕೂಸನ್ನು ಎಷ್ಟು ಸಲ ತೊಟ್ಟಿಲಿಗೆ ಹಾಕಬಹುದು? ನಮ್ಮ ನಿಮ್ಮ ಮನೆಗಳಲ್ಲಾದರೆ ಒಂದೇ ಸಲ. ಹೆಸರಿಡುತ್ತಾರೆ, ಸೋದರತ್ತೆಯ ಬೆನ್ನಿಗೆ ನಾಲ್ಕು ಗುದ್ದು ಬೀಳುತ್ತವೆ, ಗುಗ್ಗರಿ ಹಂಚುತ್ತಾರೆ, ಬಂದವರು ಕೈಲಾದ ಆಯೇರಿ, ಅಂದರೆ ಉಡುಗೊರೆ, ಮಾಡಿ ಉಂಡು ಹೋಗುತ್ತಾರೆ. ಅಲ್ಲಿಗೆ ಮುಗಿಯಿತು. ಆದರೆ ೨೦೫೮ನೆಯ ಇಸವಿಯ ಸುಮಾರಿಗೆ ಆರೋಗ್ಯ ಮಂತ್ರಿ ರುದ್ರಗೌಡ ಹಿರೇಕೊಪ್ಪರ ಮೊಮ್ಮಗಳನ್ನು ಮೂರು ಸಲ ತೊಟ್ಟಿಲಿಗೆ ಹಾಕಿದರು. ಒಮ್ಮೆ ಅವರೂರಲ್ಲಿ, ಒಮ್ಮೆ ಹುಬ್ಬಳ್ಳಿಯಲ್ಲಿ, ಒಮ್ಮೆ ಬೆಂಗಳೂರಲ್ಲಿ. ಮೂರನೆಯ ಸಲದ ಹೊತ್ತಿಗೆ ಕೂಸಿಗೆ ನಡೆಯಲು ಬರುತ್ತಿತ್ತು. ಹೆಸರು ಕೂಗುವ ಮೊದಲೇ ತೊಟ್ಟಿಲಿಂದ ಇಳಿದು ಹೋಗಿ ಜಿಲೇಬಿ ಕೇಳಿತಂತೆ.

"ಮೇಡಂ, ಈ ಕೂಸಿಗೆ ಎಷ್ಟು ಆಯೇರಿ ಬಂದೈತಿ, ಹೇಳ್ರಿ ನೋಡೋಣು" ಅಂದ ದಾವಲಸಾಬ. ಹುಬ್ಬಳ್ಳಿಯ ಜರಡಿ ಕೋಣೆಯಲ್ಲಿ ದಿನವಿಡೀ ಪರದೆ ನೋಡುವುದು ಅವನ ಕೆಲಸ.

ದಾಕ್ಷಾಯಣಿ ಚಹಾ ಕುಡಿಯುತ್ತಿದ್ದಳು. ಜರಡಿಯ ನಿಯಮಗಳನ್ನು ಬರೆದ ಮುಖ್ಯ ಎಂಜಿನಿಯರು ಅವಳೇ. "ನನಗೇನು ಗೊತ್ತೋ ಮಾರಾಯಾ. ಮಂತ್ರಿ ಮನಿ. ಒಂದು ಕೋಟಿ?"

"ನಾಕುನೂರಾ ಹನ್ನೆರಡು ಕೋಟಿ."

"ಕೂಸಿಗಾ?"

"ಕೂಸಿಗೇ ರೀ. ಮರುದಿವಸ ಮಂತ್ರಿಗಳು ಅಷ್ಟೂ ರೊಕ್ಕ ತಮ್ಮ ಪಕ್ಷಕ್ಕ ಕೈಗಡ ಕೊಟ್ಟಾರ. ಅಜ್ಜಗ ಮೊಮ್ಮಗಳು ಸಾಲ ಕೊಟ್ಟಂಗಾತು ನೋಡ್ರಿ."

ದಾಕ್ಷಾಯಣಿ ಕಪ್ಪು ಕೆಳಗಿಟ್ಟಳು. ಅವಳಿಗೆ ನಗುವೂ ಬಂತು, ಕಸಿವಿಸಿಯೂ ಆಯಿತು. ಯಾಕೆಂದರೆ ಆ ಹಣ ಹೋದ ಬಾಗಿಲು ತೆರೆದಿಟ್ಟವಳು ಅವಳೇ.

ಆ ಬಾಗಿಲು ಯಾವುದು ಎಂದು ತಿಳಿಯಬೇಕಾದರೆ ಮೊದಲು ಜರಡಿಯ ಕತೆ ಹೇಳಬೇಕು. ಆ ಕಾಲಕ್ಕೆ ಕಾಗದದ ನೋಟು ಹೋಗಿ ಇಪ್ಪತ್ತು ವರ್ಷವಾಗಿತ್ತು. ಪ್ರತಿ ರೂಪಾಯಿಯೂ ತಾನು ಯಾರ ಕೈಯಿಂದ ಯಾರ ಕೈಗೆ ಹೋದೆ ಎನ್ನುವ ಜಾಡನ್ನು ತನ್ನೊಳಗೇ ಹೊತ್ತು ತಿರುಗುತ್ತಿತ್ತು. ಪಕ್ಷಕ್ಕೆ ದೇಣಿಗೆ ಕೊಡುವುದು, ಗೆದ್ದ ಮೇಲೆ ಅದೇ ಪಕ್ಷದ ಸರ್ಕಾರದಿಂದ ಹತ್ತರಷ್ಟು ಕೆಲಸ ಹೊಡೆದುಕೊಳ್ಳುವುದು, ಈ ಆಟ ನೋಡಿ ನೋಡಿ ಜನಕ್ಕೆ ಸಾಕಾಗಿ ಹೋಗಿತ್ತು. ಕುಸಿದ ಸೇತುವೆಗಳು, ಸೋರುವ ಆಸ್ಪತ್ರೆಗಳು, ಒಂದೇ ಎರಡೇ! ಜನ ಬೀದಿಗಿಳಿದರು. ಕೊನೆಗೆ ಒಂದು ಕಾಯ್ದೆ ಬಂತು. 'ಕೊಟ್ಟ ಕೈ ಚಾಚಬಾರದು' ಅಂತಲೇ ಅದನ್ನು ಎಲ್ಲರೂ ಕರೆದರು. ಯಾವ ಪಕ್ಷಕ್ಕಾದರೂ ಕೊಡು, ನಿನ್ನ ಇಷ್ಟ. ಆದರೆ ಕೊಟ್ಟ ಮೇಲೆ ಆರು ವರ್ಷ ಖಜಾನೆಯ ಮುಂದೆ ಕೈ ಒಡ್ಡುವಂತಿಲ್ಲ. ಗುತ್ತಿಗೆ ಇಲ್ಲ, ಅನುದಾನ ಇಲ್ಲ, ಸರ್ಕಾರಿ ಖರೀದಿ ಇಲ್ಲ.

ಕಾಯ್ದೆ ಬರೆದರೆ ಸಾಕೇ? ಕೊಡುವವನು ತನ್ನ ಕೈಯಿಂದ ಯಾಕೆ ಕೊಟ್ಟಾನು? ಭಾವಮೈದುನನ ಕೈಯಿಂದ ಕೊಡಿಸುತ್ತಾನೆ, ಅಡುಗೆಯವನ ಹೆಸರಲ್ಲಿ ಕೊಡಿಸುತ್ತಾನೆ. ಅದಕ್ಕೇ ಜರಡಿ. ರಾಜ್ಯದಲ್ಲಿ ಓಡಾಡುವ ಎಲ್ಲ ಹಣವನ್ನೂ ನೋಡುತ್ತಾ, ಪಕ್ಷಕ್ಕೆ ಹೋದ ಹಣ ಒಂಬತ್ತು ಕೈ ದಾಟಿ ಬಂದಿದ್ದರೂ ಹಿಂದೆ ಹಿಂದೆ ನಡೆದು ಮೊದಲ ಕೈ ಹುಡುಕುವುದು ಅದರ ಕೆಲಸ. ಆ ಕೈಗೆ ಖಜಾನೆಯಿಂದ ಏನಾದರೂ ಹೊರಟಿದ್ದರೆ ಸುತ್ತು ಪೂರ್ತಿಯಾಯಿತು ಎಂದರ್ಥ. ಆಗ ಖಜಾನೆಯಿಂದ ಅವನಿಗೆ ಬರುವ ಹಣಕ್ಕೆ ಬೀಗ. ಮಂತ್ರಿ ಬಂದರೂ ಆ ಬೀಗ ತೆಗೆಯಲು ಬರುವುದಿಲ್ಲ.

ಮೊದಲ ಪ್ರಯೋಗದ ದಿನ ಏನಾಯಿತು ಗೊತ್ತೇ? ಮೂವತ್ತೊಂದು ಲಕ್ಷ ಜನರಿಗೆ ಬೀಗ ಬಿತ್ತು! ಅಂಗನವಾಡಿ ಟೀಚರಮ್ಮ ಒಬ್ಬಳು ಪಕ್ಷದ ಕಾರ್ಯಕರ್ತನ ತಂಗಿಯ ಮದುವೆಗೆ ಐನೂರಾ ಒಂದು ಆಯೇರಿ ಮಾಡಿದ್ದಳು, ಅವಳ ಸಂಬಳ ನಿಂತಿತು. ದಾಕ್ಷಾಯಣಿಯ ತಾಯಿ ಗುರುಸಿದ್ಧವ್ವನ ಪಿಂಚಣಿಯೂ ನಿಂತಿತು, ಆಕೆ ನಗರಸಭೆಯ ಸದಸ್ಯನ ಮಗನ ಲಗ್ನಕ್ಕೆ ಆಯೇರಿ ಮಾಡಿ ಉಂಡು ಬಂದಿದ್ದಳು. ನಮ್ಮ ನಾಡಿನಲ್ಲಿ ಆಯೇರಿ ಮಾಡದ ಮನೆ ಯಾವುದು? ಮೈಸೂರು ಕಡೆ ಮುಯ್ಯಿ ಅನ್ನುತ್ತಾರೆ, ಇಲ್ಲಿ ಆಯೇರಿ, ಅಷ್ಟೇ ವ್ಯತ್ಯಾಸ. ಇಡೀ ರಾಜ್ಯವೇ ಕಳ್ಳರ ಪಟ್ಟಿಗೆ ಸೇರಿದ್ದನ್ನು ನೋಡಿ ದಾಕ್ಷಾಯಣಿ ನಕ್ಕು, ನಾಲಗೆ ಕಚ್ಚಿಕೊಂಡು, ನಿಯಮಕ್ಕೆ ಒಂದು ಸಾಲು ಸೇರಿಸಿದಳು. 'ಮದುವೆ, ತೊಟ್ಟಿಲು ಮುಂತಾದ ಮನೆ ಕಾರ್ಯಗಳ ಮುಯ್ಯಿ ಲೆಕ್ಕಕ್ಕಿಲ್ಲ.' ಪರದೇಶದ ಯಾವ ಎಂಜಿನಿಯರೂ ಆ ತಪ್ಪು ಮಾಡುತ್ತಿರಲಿಲ್ಲ. ಮುಯ್ಯಿ ಎಂದರೆ ಏನೆಂದೇ ಅವನಿಗೆ ಗೊತ್ತಿರುತ್ತಿರಲಿಲ್ಲ. ಇವಳಿಗೆ ಗೊತ್ತಿತ್ತು, ಅದರ ಮೇಲೆ ಪ್ರೀತಿಯೂ ಇತ್ತು. ಚಾಪೆ ಕೆಳಗೆ ನುಸುಳಿದರೆ ರಂಗೋಲಿ ಕೆಳಗೆ ನುಸುಳುವ ಮಂದಿಗೆ ಅಷ್ಟು ಸಂದು ಸಾಕಲ್ಲ.

ಆ ಸಂದು ಮುಚ್ಚುತ್ತೇನೆಂದು ದಾಕ್ಷಾಯಣಿ ಬರೆದು ಕಳಿಸಿದ್ದೇ ತಡ, ಇಲಾಖೆಯ ನಿರ್ದೇಶಕ ಜಯಸಿಂಹ ಬೆಂಗಳೂರಿನಿಂದ ಪರದೆಯ ಮೇಲೆ ಬಂದರು. ನಿವೃತ್ತಿಗೆ ಎಂಟು ತಿಂಗಳಿದ್ದ ಮನುಷ್ಯ.

"ನೋಡೀಮ್ಮಾ, ಮುಯ್ಯಿಗೆ ಕೈ ಹಾಕ್ಬೇಡಿ. ಜನ ದಂಗೆ ಏಳ್ತಾರೆ. ಹಿಡಿದ್ರೆ ಎಲ್ಲಾ ಮುಯ್ಯೀನೂ ಹಿಡೀಬೇಕು, ಬಿಟ್ರೆ ಎಲ್ಲಾನೂ ಬಿಡ್ಬೇಕು. ಪ್ರೀತಿಗೆ ಕೊಟ್ಟಿದ್ದು ಯಾವುದು, ಲಂಚಕ್ಕೆ ಕೊಟ್ಟಿದ್ದು ಯಾವುದು ಅಂತ ಯಂತ್ರಕ್ಕೆ ಹೇಗ್ರೀ ಗೊತ್ತಾಗತ್ತೆ?"

"ಗೊತ್ತಾಗೋ ಹಂಗ ಮಾಡ್ತೇನಿ ಸರ್."

"ಹೇಗೆ?"

"ಅದು ಇನ್ನೂ ಗೊತ್ತಿಲ್ರಿ" ಅಂದಳು ದಾಕ್ಷಾಯಣಿ. ಜಯಸಿಂಹ ಹಣೆ ಒತ್ತಿಕೊಂಡರು.

ಮೂರು ವಾರದ ಮೇಲೆ ಒಂದು ಭಾನುವಾರ ಅವಳು ಬೆಟಗೇರಿಗೆ ಹೋದಳು. ತವರುಮನೆ ಅಲ್ಲೇ. ಅಣ್ಣ ಚನ್ನವೀರಪ್ಪ ಹಳೆಯ ಮಗ್ಗದ ಶೆಡ್ಡಿನಲ್ಲಿ ಕಿವಿಯ ಮಷೀನು ಮಾಡಿಸುತ್ತಿದ್ದ. ಕಿವುಡು ಮಕ್ಕಳು ಕಿವಿಯೊಳಗೆ ಇಟ್ಟುಕೊಳ್ಳುವ, ಕಡಲೆಕಾಳಿನಷ್ಟಿರುವ ಯಂತ್ರ. ಅದರೊಳಗಿನ ತಂತಿ ಕೂದಲಿಗಿಂತ ಸಣ್ಣದು. ಯಂತ್ರದ ಕೈಗಳು ಹರಿದು ಹಾಕುತ್ತಿದ್ದ ಆ ತಂತಿಯನ್ನು ಬೆಟಗೇರಿಯ ಹೆಂಗಸರು ಸಲೀಸಾಗಿ ಜೋಡಿಸುತ್ತಿದ್ದರು, ಅವರ ತಾಯಂದಿರು, ಅಜ್ಜಿಯರು ಸೀರೆಯ ಹಾಸಿನ ಸಾವಿರಾರು ಎಳೆಗಳಿಗೆ ಒಂದೊಂದಾಗಿ ಗಂಟು ಹಾಕಿದವರು. ನಲವತ್ತು ಹೆಂಗಸರು ಅಲ್ಲಿ ದುಡಿಯುತ್ತಿದ್ದರು. ನಾಲ್ಕು ಜಿಲ್ಲೆಯ ಸರ್ಕಾರಿ ಶಾಲೆಗಳಿಗೆ ಅಲ್ಲಿಂದಲೇ ಮಷೀನು ಹೋಗುತ್ತಿತ್ತು.

ಮಧ್ಯಾಹ್ನದ ಊಟಕ್ಕೆ ಕೂತಾಗ ಗುರುಸಿದ್ಧವ್ವ ಮುಂದಿನ ವಾರದ ಒಂದು ಮದುವೆಯ ಮಾತು ತೆಗೆದಳು. ಆಕೆಗೆ ಎಂಬತ್ತೆರಡು. ಯಾವ ಮನೆಯಿಂದ ಯಾವಾಗ ಏನು ಬಂತು ಎಂಬುದು ಐವತ್ತು ವರ್ಷದಷ್ಟು ಅವಳ ಬಾಯಲ್ಲೇ ಇತ್ತು.

"ಕುರುಡಗಿಯವರು ನಮ್ಮ ಕೂಸಿನ ಲಗ್ನಕ್ಕ ಸಾವಿರ ಮಾಡ್ಯಾರ. ನಾವು ಸಾವಿರದ ನೂರಾ ಒಂದು ಮಾಡಬೇಕು. ಮ್ಯಾಲೊಂದು ಕುಬುಸ."

ಕೂಸು ಎಂದರೆ ಚನ್ನವೀರಪ್ಪನ ಮಗಳು. ಹೋದ ವರ್ಷ ಮದುವೆಯಾಗಿ ವಿಜಯಪುರಕ್ಕೆ ಹೋಗಿದ್ದಳು.

"ಮಾಡದಿದ್ರ ಏನಾಕ್ಕೈತಿ ಬೇ?" ಅಂದಳು ದಾಕ್ಷಾಯಣಿ, ರೊಟ್ಟಿ ಮುರಿಯುತ್ತಾ.

"ಏನಾಕ್ಕೈತಿ ಅಂದ್ರ? ಹಂಗ ಇಟ್ಕೊಳ್ಳಾಕ ಅದೇನು ಬಾಡಿಗಿ ರೊಕ್ಕನು? ಆ ಮನಿಂದ ಬಂದದ್ದು ಆ ಮನಿಗೇ ಹೋಗಬೇಕು. ಲಗ್ನಕ್ಕ ಬಂದದ್ದು ಲಗ್ನಕ್ಕ, ತೊಟ್ಲಕ್ಕ ಬಂದದ್ದು ತೊಟ್ಲಕ್ಕ. ಅವರು ಬಡವರಾಗಿದ್ರ ಒಂದು ಕುಬುಸದ ತುಂಡರ ಬರತೈತಿ, ಅದೂ ಇಲ್ಲಂದ್ರ ಬಂದು ನಾಕು ದಿವಸ ಕೆಲಸರ ಮಾಡಿ ಹೊಕ್ಕಾರ. ತಿರುಗಿ ಬಂದ್ರ ಅದು ಆಯೇರಿ. ತಿರುಗಿ ಬರಲಿಲ್ಲಂದ್ರ ಅದು ಬ್ಯಾರೇನೋ."

ದಾಕ್ಷಾಯಣಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಮೂರು ವಾರದಿಂದ ಹುಡುಕುತ್ತಿದ್ದ ಸಮೀಕರಣವನ್ನು ಅವ್ವ ಚಟ್ನಿಪುಡಿ ಬಡಿಸುತ್ತಾ ಹೇಳಿಬಿಟ್ಟಿದ್ದಳು! ಎದ್ದು ಎಂಜಲು ಕೈಯಲ್ಲೇ ಅವ್ವನ ಗಲ್ಲ ಹಿಡಿದು ಮುತ್ತಿಟ್ಟಳು.

"ಥೂ, ಹುಚ್ಚಿ! ಕೈ ತೊಕ್ಕೊ ಹೋಗು."

ಚನ್ನವೀರಪ್ಪ ಅರ್ಧ ಊಟಕ್ಕೇ ಕೈ ತೊಳೆದು ಶೆಡ್ಡಿನ ಕಡೆ ಹೋದ. ಅಣ್ಣನಿಗೆ ಕೆಲಸದ ಹುಚ್ಚು, ಹೊಸದೇನಲ್ಲ ಅಂದುಕೊಂಡಳು ದಾಕ್ಷಾಯಣಿ.

ಹೊಸ ನಿಯಮ ಬರೆಯಲು ಅವಳಿಗೆ ಹನ್ನೊಂದು ದಿನ ಹಿಡಿಯಿತು. ಹೇಳಲು ಸರಳ. ಒಂದು ಮನೆಯಿಂದ ಇನ್ನೊಂದು ಮನೆಗೆ ಆಯೇರಿ ಹೋಯಿತು. ಆಮೇಲೆ ಕೊಟ್ಟವರ ಮನೆಯಲ್ಲೇ ಕಾರ್ಯವಾಯಿತು. ಆಗ ತೆಗೆದುಕೊಂಡವರ ಮನೆಯಿಂದ ಏನಾದರೂ ಮರಳಿತೇ? ಹೆಚ್ಚೋ ಕಡಿಮೆಯೋ, ಮರಳಿದ್ದರೆ ಅದು ಪ್ರೀತಿ, ಬಿಡು. ಮರಳಿಲ್ಲ, ಆದರೆ ಖಜಾನೆಯ ಕಡೆಯಿಂದ ಕೊಟ್ಟವರಿಗೆ ಗುತ್ತಿಗೆ ಬಂದಿದೆ ಅಂದರೆ ಅದು ಆಯೇರಿ ಅಲ್ಲ, ಹಿಡಿ. ಹಣವಲ್ಲದೆ ಬಟ್ಟೆ, ಬಂಗಾರ ಮರಳಿದ್ದರೆ ಅದಕ್ಕೆ ಜಾಡು ಇರುವುದಿಲ್ಲವಲ್ಲ, ಅಲ್ಲಿ ಮನೆಯವರ ಪ್ರಮಾಣದ ಮಾತೇ ಸಾಕ್ಷಿ ಎಂದೂ ಬರೆದಳು.

ಒಂದು ಬುಧವಾರ ಬೆಳಿಗ್ಗೆ ಇಡೀ ರಾಜ್ಯದ ಮೂರು ವರ್ಷದ ಆಯೇರಿಯನ್ನು ಜರಡಿಗೆ ಹಾಕಿದರು. ಕೋಟಿ ಕೋಟಿ ಎಳೆಗಳು ಪರದೆಯ ಮೇಲೆ ಮನೆಯಿಂದ ಮನೆಗೆ ಹೋಗಿ, ಅದೇ ದಾರಿಯಲ್ಲಿ ವಾಪಸು ಬರತೊಡಗಿದವು. ಬಡವರದು ಚೂರು ತಡವಾಗಿ, ಚೂರು ಕಡಿಮೆಯಾಗಿ, ಆದರೂ ಬಂದವು. ದಾವಲಸಾಬ ಬಾಯಿ ಬಿಟ್ಟುಕೊಂಡು ನೋಡಿದ. "ನಮ್ಮ ಮಂದಿ ಎಷ್ಟು ಚಲೋ ಮಂದಿ ಅದಾರ್ರೀ ಮೇಡಂ!" ಅಂದ. ಮೂವತ್ತೊಂದು ಲಕ್ಷ ಜನ ತೊಳೆದಿಟ್ಟ ಹಾಗೆ ಹೊರಗೆ ಬಂದರು. ಉಳಿದದ್ದು ಸಾವಿರದ ನೂರಾ ನಲವತ್ತೊಂದು ಹೆಸರು. ಸಿಮೆಂಟಿನವರು, ಔಷಧಿಯವರು, ರಸ್ತೆಯವರು. ಮಂತ್ರಿಗಳ ಅಳಿಯನದೇ ಮೂರು ಕಂಪನಿ.

ದಾಕ್ಷಾಯಣಿ ಚಪ್ಪಾಳೆ ತಟ್ಟಿದಳು. ದಾವಲಸಾಬ ತಟ್ಟಲಿಲ್ಲ. ಪಟ್ಟಿ ಸರಿಸುತ್ತಿದ್ದ ಅವನ ಬೆರಳು ನಿಂತಿತ್ತು.

"ಮೇಡಂ... ಬೆಟಗೇರಿದು ಒಂದು ಹೆಸರೈತಿ."

ಅವಳು ಬಗ್ಗಿ ನೋಡಿದಳು. ಚನ್ನವೀರಪ್ಪ ಉಪ್ಪಿನ. ಮಂತ್ರಿಗಳ ಮೊಮ್ಮಗಳ ಎರಡನೆಯ ತೊಟ್ಟಿಲಿಗೆ ಐದು ಲಕ್ಷ. ಇಪ್ಪತ್ತು ದಿನದ ಮೇಲೆ ನಾಲ್ಕು ಜಿಲ್ಲೆಯ ಕಿವಿಯ ಮಷೀನಿನ ಗುತ್ತಿಗೆ. ಆಮೇಲೆ ಮಗಳ ಮದುವೆ. ಮಂತ್ರಿಗಳ ಮನೆಯಿಂದ ಮರಳಿದ್ದು ಸೊನ್ನೆ.

ದಾಕ್ಷಾಯಣಿ ಆ ಸಾಲನ್ನು ಎರಡು ಸಲ ಓದಿದಳು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅಣ್ಣನ ಮೇಲೆ, ಮಂತ್ರಿಯ ಮೇಲೆ, ತನ್ನ ಮೇಲೆ. ಬೀಗ ಬಿದ್ದರೆ ಶೆಡ್ಡು ಮುಚ್ಚುತ್ತದೆ. ನಲವತ್ತು ಹೆಂಗಸರು ಮನೆಗೆ ಹೋಗುತ್ತಾರೆ.

ಅವತ್ತೇ ಮಧ್ಯಾಹ್ನದ ಬಸ್ಸು ಹಿಡಿದು ಬೆಟಗೇರಿಗೆ ಹೋದಳು. ಶೆಡ್ಡಿನಲ್ಲಿ ಹೆಂಗಸರು ಭೂತಗನ್ನಡಿಯ ಮೇಲೆ ಬಗ್ಗಿ ಕೂತಿದ್ದರು. ಅವರ ಮುಂದೆಯೇ ಕೇಳಿದಳು.

"ಅಣ್ಣಾ, ಮಂತ್ರಿ ಮನಿ ತೊಟ್ಲಕ್ಕ ಐದು ಲಕ್ಷ ಮಾಡಿದ್ಯಾ?"

"ಮಾಡೇನಿ. ಎಲ್ಲಾರೂ ಮಾಡ್ಯಾರ. ಮಾಡದವರ ಟೆಂಡರ್ ಫೈಲು ತೆರೀಲೇ ಇಲ್ಲ, ಗೊತ್ತೈತೇನು ನಿನಗ? ನೀ ಎಸಿ ಕೋಣ್ಯಾಗ ಕುಂತು ನಿಯಮ ಬರೀತಿ. ನಾ ಇಲ್ಲಿ ನಲವತ್ತು ಮನಿ ಒಲಿ ಉರಸ್ಬೇಕು."

"ನಿನ್ನ ಹೆಸರು ಬಂದೈತಿ."

ಚನ್ನವೀರಪ್ಪ ಹೆಂಗಸರ ಕಡೆ ಒಮ್ಮೆ ನೋಡಿದ. ಆಮೇಲೆ ದನಿ ತಗ್ಗಿಸಿ, "ಒಂದು ಹೆಸರು ದಾಕ್ಷಾ. ಸಾವಿರದಾಗ ಒಂದು. ತೆಗದ್ರ ಯಾರಿಗೆ ಗೊತ್ತಾಕ್ಕೈತಿ?" ಅಂದ.

"ನನಗ ಗೊತ್ತಾಕ್ಕೈತಿ."

"ನೀ ನನಗ ತಂಗಿ ಏನು, ತಹಸೀಲ್ದಾರ ಏನು?" ಎಂದು ಅವನು ಕೂಗಿದ. ಕೈಯಲ್ಲಿದ್ದ ಚಿಮಟ ಗೋಡೆಗೆ ಹೋಗಿ ಬಡಿಯಿತು.

ಆಗ ಮೂಲೆಯಲ್ಲಿ ಕೂತಿದ್ದ ಹನಮವ್ವ ಎದ್ದು ನಿಂತಳು. ಶೆಡ್ಡಿನಲ್ಲಿ ಎಲ್ಲರಿಗಿಂತ ಹಳಬಳು, ಕೈ ಎಲ್ಲರಿಗಿಂತ ನಯ. ಕಣ್ಣಿಗೆ ಕಟ್ಟಿದ್ದ ಗಾಜು ತೆಗೆದು ಅವಳು ಮಾಲೀಕನ ಕಡೆ ನೋಡಿದಳು. "ಅಣ್ಣಾರ, ನಾವು ಏನೋ ನಮ್ಮ ಕೈಕೆಲಸ ನೋಡಿ ಆರ್ಡರ್ ಕೊಟ್ಟಾರ ಅಂತ ತಿಳಕೊಂಡಿದ್ವಿ. ಆ ಸಂಜಿ ಪೇಢೆ ಹಂಚಿದ್ರಲ್ರಿ ನೀವು" ಅಂದಳು. ಕೂತು ಮತ್ತೆ ಕೆಲಸ ಹಿಡಿದಳು.

ಚನ್ನವೀರಪ್ಪನ ಮುಖ ಇಷ್ಟಾಯಿತು. ಗೋಡೆಯ ಬುಡದಲ್ಲಿ ಬಿದ್ದಿದ್ದ ಚಿಮಟವನ್ನು ಎತ್ತಿ ಒರೆಸಿ ಹನಮವ್ವನ ಮುಂದಿಟ್ಟ. ದಾಕ್ಷಾಯಣಿ ಅವ್ವನ ಕೈಯ ನೀರೂ ಕುಡಿಯದೆ ವಾಪಸಾದಳು.

ಮರುದಿನ ಪಟ್ಟಿ ಹೊರಬಿತ್ತು. ಬೀಳುವ ಮೊದಲು ಜಯಸಿಂಹ ಮತ್ತೆ ಪರದೆಯ ಮೇಲೆ ಬಂದಿದ್ದರು. ಮೇಲಿನಿಂದ ಅವರಿಗೆ ಸುದ್ದಿ ಬಂದಿತ್ತು. "ನಿಯಮದಲ್ಲಿ ದೋಷ ಇದೆ, ಇನ್ನೊಂದು ವರ್ಷ ಪರೀಕ್ಷೆ ಬೇಕು ಅಂತ ಒಂದು ಸಾಲು ಬರ್ಕೊಡಿ ಸಾಕು. ನಿಮ್ಮಣ್ಣನೂ ಉಳೀತಾರೆ, ನೀವೂ ಉಳೀತೀರಿ. ನಾನು ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

"ನಿಯಮ ಸರಿ ಐತ್ರಿ ಸರ್. ನಮ್ಮಣ್ಣನ ಹೆಸರೂ ಸರಿ ಐತಿ."

"ಹಟ ಮಾಡ್ಬೇಡೀಮ್ಮಾ."

"ಹಟಾನೇ ರೀ" ಅಂದಳು ಅವಳು. "ನಾನಿಲ್ಲಿ ಕುಂತದ್ದು ಹಟ ಮಾಡಾಕನ."

ಪಟ್ಟಿಯ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆದಳು: 'ಇದರಲ್ಲಿ ಆರುನೂರ ಎಂಟನೆಯ ಹೆಸರು ನನ್ನ ಸ್ವಂತ ಅಣ್ಣನದು.' ಬಸ್ ನಿಲ್ದಾಣಗಳ ಪರದೆಗಳಲ್ಲಿ ಹೆಸರುಗಳು ಓಡಿದವು. ಚಹಾ ಅಂಗಡಿಗಳಲ್ಲಿ ಜನ ಒಬ್ಬೊಬ್ಬರ ಹೆಸರಿಗೂ ಶಿಳ್ಳೆ ಹೊಡೆದರು. ಹೊಡೆಯದೇ ಏನು? ಎಷ್ಟು ವರ್ಷದಿಂದ ಆ ಶಿಳ್ಳೆ ಗಂಟಲಲ್ಲಿ ಕಾದಿತ್ತು!

ಆದರೆ ಪಟ್ಟಿ ಬಂದ ಕೂಡಲೇ ಬೀಗ ಬೀಳುವುದಿಲ್ಲ. ಮೂವರು ನ್ಯಾಯಾಧೀಶರ ಮುಂದೆ ಒಂದು ವಿಚಾರಣೆ ಇರುತ್ತದೆ. ಅಲ್ಲಿ ಒಂದೇ ಒಂದು ಹೆಸರು ತಪ್ಪೆಂದು ಸಾಬೀತಾದರೂ ಇಡೀ ನಿಯಮ ರದ್ದು, ಪಟ್ಟಿ ಕಸದ ಬುಟ್ಟಿಗೆ. ಸಿಮೆಂಟಿನ ಸಾಹುಕಾರ ಬಂದು 'ಅವರ ಮನೆಯಿಂದ ನಮಗೆ ಬಂಗಾರ ಮರಳಿತ್ತು' ಅಂದರೆ ನಾಯಿಯೂ ನಂಬುವುದಿಲ್ಲ. ಆದರೆ ನಿಯಮ ಬರೆದವಳ ಒಡಹುಟ್ಟಿದವನೇ ಬಂದು ಹೇಳಿದರೆ? ಮಂತ್ರಿಗಳ ವಕೀಲರು ಹುಡುಕಿ ಹುಡುಕಿ ಒಬ್ಬನೇ ಸಾಕ್ಷಿಯನ್ನು ಕರೆದರು. ಚನ್ನವೀರಪ್ಪ ಉಪ್ಪಿನ.

ಸಾಕ್ಷಿಯ ಜೊತೆ ದಾಕ್ಷಾಯಣಿ ಮಾತಾಡುವಂತಿರಲಿಲ್ಲ. ವಿಚಾರಣೆಗೆ ಮೂರು ದಿನ ಮೊದಲು ಅವ್ವ ಫೋನು ಮಾಡಿದಳು.

"ದೊಡ್ಡ ಕಾರು ಬಂದಿತ್ತು ಬೇ. ಎರಡು ತಾಸು ಅಂವನ ಕೂಡ ಬಾಗಲಾ ಹಾಕ್ಕೊಂಡು ಮಾತಾಡಿ ಹೋಗ್ಯಾರ. ಇಂವ ಊಟಾ ಬಿಟ್ಟಾನ."

"ಏನಂದ ಬೇ ಅಣ್ಣ?"

"ನನಗೇನೂ ಹೇಳವಲ್ಲ. ದಾಕ್ಷಾ, ಅಂವ ಕೆಟ್ಟಂವಲ್ಲ."

"ಗೊತ್ತೈತಿ ಬೇ" ಅಂದಳು ದಾಕ್ಷಾಯಣಿ. ಅಣ್ಣ ಒಂದು ಮಾತು ಸುಳ್ಳಾಡಿದರೆ ಶೆಡ್ಡು ಉಳಿಯುತ್ತದೆ, ಹನಮವ್ವನ ಮನೆಯ ಒಲೆ ಉರಿಯುತ್ತದೆ. ತನ್ನ ನಿಯಮ ಸತ್ತೇಹೋಗುತ್ತದೆ. ಯಾವುದನ್ನು ಬೇಡಿಕೊಳ್ಳಬೇಕು ಎಂದು ಅವಳಿಗೇ ಒಮ್ಮೊಮ್ಮೆ ತಿಳಿಯುತ್ತಿರಲಿಲ್ಲ.

ವಿಚಾರಣೆ ನಡೆದದ್ದು ಹುಬ್ಬಳ್ಳಿಯಲ್ಲೇ, ಜರಡಿ ಕೋಣೆಯ ಕೆಳಗಿನ ಸಭಾಂಗಣದಲ್ಲಿ. ಬೆಳಿಗ್ಗೆ ಹನ್ನೊಂದಕ್ಕೆ ಕಾಲಿಡಲು ಜಾಗವಿರಲಿಲ್ಲ. ಮಧ್ಯದಲ್ಲಿ ಕುಳಿತವರು ಹಿರಿಯ ನ್ಯಾಯಾಧೀಶೆ, ಬಿಳಿ ಕೂದಲಿನ ಹೆಣ್ಣುಮಗಳು. ಚನ್ನವೀರಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ತಂಗಿಯ ಕಡೆ ನೋಡಲಿಲ್ಲ.

ವಕೀಲರು ನಯವಾಗಿ ಶುರು ಮಾಡಿದರು. ಮಂತ್ರಿಗಳ ಮನೆಯ ಜೊತೆ ನಿಮ್ಮದು ಹಳೆಯ ಪರಿಚಯ, ಅಲ್ಲವೇ? ಹೌದು. ತೊಟ್ಟಿಲಿಗೆ ಐದು ಲಕ್ಷ ಆಯೇರಿ ಮಾಡಿದ್ದು ನಿಜವೇ? ನಿಜ. ನಿಮ್ಮ ಮಗಳ ಮದುವೆ ಅದಾದ ಮೇಲೆ ಆಯಿತೇ? ಹೌದು.

ವಕೀಲರು ಕೆಂಪು ಮಖಮಲ್ಲಿನ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು. ಬಂಗಾರದ ಸರ. ಹಿಂದಿನ ಸಾಲಿನವರೆಗೆ ಹೊಳೆಯಿತು.

"ಇದು ನಿಮ್ಮ ಮಗಳದೇ ಸರ. ಆಕೆಯ ಮದುವೆಗೆ ಮಂತ್ರಿಗಳ ಮನೆಯಿಂದ ಮುಯ್ಯಿಯಾಗಿ ಬಂದದ್ದು. ಹೌದು ಎಂದು ಪ್ರಮಾಣ ಮಾಡಿ ಹೇಳಿ. ಯಂತ್ರಕ್ಕೆ ಬಂಗಾರ ಕಾಣಲಿಲ್ಲ, ಪಾಪ. ಅದರ ತಪ್ಪಲ್ಲ."

ಕೆಲವರು ನಕ್ಕರು. ಚನ್ನವೀರಪ್ಪ ಸರವನ್ನು ಎತ್ತಿ ಅಂಗೈಯಲ್ಲಿಟ್ಟು ತೂಗಿ ನೋಡಿದ.

"ಎಷ್ಟು ತೊಲಿ ಐತ್ರಿ ಇದು?"

"ಐದು ತೊಲ. ನಿಮಗೆ ಗೊತ್ತಿರಬೇಕಲ್ಲ."

"ಗೊತ್ತಿರಲಿಲ್ರಿ. ಅದಕ್ಕ ಕೇಳಿದೆ." ಅವನು ನ್ಯಾಯಾಧೀಶೆಯ ಕಡೆ ತಿರುಗಿದ. "ಅವ್ವಾರ, ನನ್ನ ಮಗಳ ಕೊಳ್ಳಾಗ ಎರಡು ತೊಲಿ ಹಾಕಾಕ ನಾ ಮೂರು ಬ್ಯಾಂಕು ತಿರಗೇನಿ. ಐದು ತೊಲಿ ಮಂತ್ರಿ ಮನಿಂದ ಬಂದಿದ್ರ ಸುಮ್ನಿರ್ತಿದ್ನೇನು? ಬೆಟಗೇರಿ ತುಂಬ ಡಂಗುರಾ ಹೊಡಸ್ತಿದ್ದೆ. ಈ ಸರಾ ನನ್ನ ಮನಿಗೆ ಬಂದದ್ದು ಹೋದ ಶುಕ್ರವಾರ, ಬಿಳಿ ಕಾರಿನ್ಯಾಗ. ಯೋಚನೆ ಮಾಡ್ತೇನಿ, ಸದ್ಯಕ್ಕ ನಿಮ್ಮ ಹತ್ರನ ಇರಲಿ ಅಂತ ವಾಪಸ್ ಕಳಿಸಿದ್ದೆ. ಮತ್ತ ಇಲ್ಲಿಗೆ ಬಂದೈತಿ ನೋಡ್ರಿ."

ಸಭಾಂಗಣದಲ್ಲಿ ಗದ್ದಲವೆದ್ದಿತು. ವಕೀಲರ ಮುಖ ಕಪ್ಪಿಟ್ಟಿತು. "ಯೋಚಿಸಿ ಮಾತಾಡಿ. ನೀವೀಗ ನಿಮ್ಮ ಅನ್ನಕ್ಕೇ ಕಲ್ಲು ಹಾಕಿಕೊಳ್ಳುತ್ತಿದ್ದೀರಿ!"

"ಮೂರು ದಿವಸ ಯೋಚನೆ ಮಾಡೇನ್ರಿ. ಊಟಾ ಬಿಟ್ಟು ಮಾಡೇನಿ." ಅವನು ಸರವನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದ. "ನಾ ಕೊಟ್ಟದ್ದು ಆಯೇರಿ ಅಲ್ರಿ. ಆರ್ಡರ್ ಸಿಗಲಿ ಅಂತ ಕೊಟ್ಟೆ. ನಮ್ಮ ಹೆಣ್ಣಮಕ್ಕಳು ಮಾಡೋ ಮಷೀನು ಈ ದೇಶದಾಗ ಯಾರೂ ಮಾಡೂದಿಲ್ಲ. ರೊಕ್ಕ ಕೊಡದಿದ್ರೂ ಗೆಲ್ಲತಿದ್ವೋ ಏನೋ. ಅದು ನನಗ ಈ ಜನ್ಮದಾಗ ಇನ್ನ ಗೊತ್ತಾಗೂದಿಲ್ಲ. ಅದನ್ನ ಐದು ಲಕ್ಷಕ್ಕ ಮಾರಿ ಬಿಟ್ಟೆ ನಾನು. ನನ್ನ ಹೆಸರು ಇರಲಿ ಪಟ್ಟ್ಯಾಗ. ಆದ್ರ ನನ್ನ ಹಿಂದ ಮುಂದ ಇರೋ ಅಷ್ಟೂ ಹೆಸರು ಇರಬೇಕು. ಒಂದೂ ತಪ್ಪಿಲ್ರಿ ಅದರಾಗ. ತೊಟ್ಲದ ದಿವಸ ಸಾಲಾಗಿ ನಿಂತಿದ್ವಿ ನಾವೆಲ್ಲ. ನಾ ಕಣ್ಣಾರೆ ನೋಡೇನಿ."

ನ್ಯಾಯಾಧೀಶೆ ಅವನ ಮಾತನ್ನು ತಾವೇ ಬರೆದುಕೊಂಡರು. ಆಮೇಲೆ ಪೇದೆ ಬೇಡ ಬೇಡವೆಂದರೂ ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ಶುರು ಮಾಡಿದರು. ಎರಡು ತಾಸಿನಲ್ಲಿ ತೀರ್ಪು ಬಂತು. ನಿಯಮ ಸರಿ. ಪಟ್ಟಿ ಸರಿ. ಬೀಗ ಹಾಕಬಹುದು. ಸರದ ವಿಷಯಕ್ಕೆ ಬೇರೆ ಮೊಕದ್ದಮೆ.

ಮೆಟ್ಟಿಲ ಮೇಲೆ ಅಣ್ಣ ತಂಗಿ ಎದುರಾದರು. ದಾಕ್ಷಾಯಣಿ ಅಣ್ಣನ ತೋಳು ಹಿಡಿದುಕೊಂಡಳು.

"ನಿನ್ನ ಸಲುವಾಗಿ ಹೇಳ್ಲಿಲ್ಲ ನಾ" ಅಂದ ಅವನು, ಬಿಗುಮಾನ ಬಿಡದೆ. "ನಿನ್ನ ಮ್ಯಾಲ ನನಗ ಇನ್ನೂ ಸಿಟ್ಟೈತಿ."

"ಇರಲಿ. ಶೆಡ್ಡು?"

"ಮುಚ್ಚೂದಿಲ್ಲ. ಹನಮವ್ವ ಹೇಳ್ಯಾಳ, ಅರ್ಧಾ ಪಗಾರಕ್ಕ ಆರು ತಿಂಗಳು ದುಡೀತೀವಿ, ನೀವು ಊರೂರು ತಿರುಗಿ ಮಾರ್ರಿ ಅಂತ. ಆರು ವರ್ಷ ಸರಕಾರದ ಬಾಗಲಾ ಬಡಿಯೂದಿಲ್ಲ. ಮಂದಿ ಬಾಗಲಾ ಬಡಿತೇನಿ. ಮಷೀನು ಚಲೋ ಐತೋ ಇಲ್ಲೋ, ಅವರ ಹೇಳಲಿ."

ತೋಳು ಬಿಡಿಸಿಕೊಂಡು ಅವನು ಬಸ್ ನಿಲ್ದಾಣದ ಕಡೆ ನಡೆದ. ದಾಕ್ಷಾಯಣಿ ಅವನು ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದು, ಮೂರನೆಯ ಮಹಡಿಯ ಜರಡಿ ಕೋಣೆಗೆ ಹತ್ತಿ ಬಂದಳು. ಪ್ರತಿ ಹೆಸರಿನ ಬೀಗವನ್ನೂ ಅಧಿಕಾರಿ ತನ್ನ ಹೆಬ್ಬೆರಳು ಒತ್ತಿಯೇ ಹಾಕಬೇಕು, ಕಾಯ್ದೆ ಹಾಗಿದೆ. ದಾವಲಸಾಬ ಪಟ್ಟಿ ತೆರೆದಿಟ್ಟುಕೊಂಡು ಕಾಯುತ್ತಿದ್ದ.

"ಮೇಡಂ, ಬೆಟಗೇರಿದೊಂದು ನಾ ಹಾಕ್ತೇನ್ರಿ. ನೀವು ಬ್ಯಾರೆದ್ದು ಹಾಕ್ರಿ."

"ಬ್ಯಾಡ. ಅದನ್ನ ಮೊದಲ ತಗಿ."

ಅವನು ತೆಗೆದ. ಅಣ್ಣನ ಹೆಸರು ಪರದೆಯ ಮೇಲೆ ಒಂದೇ ನಿಂತಿತು. ದಾಕ್ಷಾಯಣಿ ಎಡಗೈಯಿಂದ ಬಲಗೈ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡು ಹೆಬ್ಬೆರಳು ಒತ್ತಿದಳು. ಬೀಗ ಬಿತ್ತು. ಕಣ್ಣು ಒರೆಸಿಕೊಂಡು ಮುಂದಿನದು ಅಂದಳು. ಮುಂದಿನದು ಮಂತ್ರಿಗಳ ಅಳಿಯನ ಕಂಪನಿ. ಆಗ ಎಡಗೈ ಬೇಕಾಗಲಿಲ್ಲ.